ನೀರು ತಿರುಗಿದಾಗ ಹತ್ತು ಹನಿ

೧೯೪೬, ವ್ಯಯ ಸಂವತ್ಸರ. ಆಷಾಢ ಶುದ್ಧ ನವಮಿ, ಸೋಮವಾರ

ಯಾರದು ಇದನ್ನು ಬಿಚ್ಚಿ ಓದುತ್ತಿರುವುದು? ಅಕ್ಕಿ ಮುಡಿಯ ಸಂದಿಯಲ್ಲಿ ಇಟ್ಟದ್ದು ಅಲ್ಲೇ ಇರಲಿ ಎಂದೇ ಇಟ್ಟದ್ದು. ಮಾದೇವಿ, ನೀನಾದರೆ, ಒಲೆಯ ಮೇಲೆ ಗಂಜಿ ಉಕ್ಕಿ ಬೆಂಕಿ ಆರಿರುತ್ತದೆ, ಹೋಗಿ ನೋಡು. ಅತ್ತೆ ಬರೆದದ್ದರಲ್ಲಿ ನಿನ್ನ ಹೆಸರು ಹುಡುಕಬೇಡ, ಸಿಕ್ಕರೆ ನಿನಗೇ ಕಷ್ಟ. ಸೋಮಿ, ನೀನಾದರೆ, ಅಜ್ಜಿಯ ಕಾಗುಣಿತಕ್ಕೆ ನಗುವ ಮೊದಲು ಹದಿಮೂರರ ಮಗ್ಗಿ ಹೇಳು. ರಮಾನಂದ, ನೀನಾದರೆ, ಕಚೇರಿಯಲ್ಲಿ ಸಾಹೇಬರ ಕಾಗದ ಹೊತ್ತು ತಿರುಗಿದ್ದು ಸಾಲಲಿಲ್ಲವೇ, ತಾಯಿಯ ಕಾಗದವೂ ಬೇಕೇ? ಮುಚ್ಚಿಡು.

ಇದು ಮೊಮ್ಮಗಳು ಬರೆದು ಬಿಸಾಡಿದ ವಹಿ. ಹಿಂದಿನ ಹಾಳೆಗಳು ಖಾಲಿ ಇದ್ದವು. ನಾನು ಎರಡನೇ ಇಯತ್ತೆಯವರೆಗೆ ಕಲಿತವಳು. ಬಾಯಲ್ಲಿ ಹೇಳಿದರೆ ಮನೆಯಲ್ಲಿ ಜಗಳ ಆಗುತ್ತದೆ, ಅದಕ್ಕೆ ಬರೆಯುತ್ತೇನೆ.

ಇವರ ಸಂಗತಿ. ಇವರು ಎಂದರೆ ಯಾರು ಎಂದು ಕೇಳಬೇಡಿ. ನಲವತ್ತೆರಡು ವರ್ಷದಿಂದ ಹೇಳದ ಹೆಸರನ್ನು ಈಗ ಬರೆಯುವುದಿಲ್ಲ. ಊರಿಗೆ ಇವರು ಜಂತ್ರಡಿ ಅಜ್ಜ. ನಮ್ಮ ಕಾಗಾಲದ ಗಜನಿ ಗದ್ದೆಗೆ ಹೊಳೆಯ ಉಪ್ಪುನೀರು ನುಗ್ಗದ ಹಾಗೆ ಕಟ್ಟೆ ಇದೆ, ಕಟ್ಟೆಯಲ್ಲಿ ಹಲಗೆಯ ಬಾಗಿಲು, ಅದೇ ಜಂತ್ರಡಿ. ನೀರು ಏರುವಾಗ ಹಲಗೆ ಇಳಿಸಿ ಮುಚ್ಚಬೇಕು, ಇಳಿಯುವಾಗ ಕೊಕ್ಕೆ ಹಾಕಿ ಎತ್ತಿ ಮಳೆಯ ನೀರನ್ನು ಹೊರಗೆ ಬಿಡಬೇಕು. ಮೂವತ್ತು ವರ್ಷ ಇವರು ಒಂದು ಸಲವೂ ಹೊತ್ತು ತಪ್ಪಿದವರಲ್ಲ.

ಎರಡು ವರ್ಷದಿಂದ ಬಲಗೈ ನಡುಗುತ್ತದೆ. ಸುಮ್ಮನೆ ಕುಳಿತಿದ್ದರೂ ಹೆಬ್ಬೆರಳು ಎಲೆಗೆ ಸುಣ್ಣ ಹಚ್ಚುವ ಹಾಗೆ ಆಡುತ್ತದೆ. ನಡೆಯುತ್ತ ಹೋದವರು ಹೊಸ್ತಿಲ ಹತ್ತಿರ ಕಂಬದ ಹಾಗೆ ನಿಲ್ಲುತ್ತಾರೆ. ಅದೆಲ್ಲ ಸಹಿಸಬಹುದು. ಮುಖ ಮಾತ್ರ ಸಹಿಸಲಾಗುವುದಿಲ್ಲ. ನಗು ಇಲ್ಲ, ಸಿಟ್ಟು ಇಲ್ಲ, ರುಬ್ಬುವ ಕಲ್ಲಾದರೂ ಒಂದು ಬದಿಗೆ ಸವೆದಿರುತ್ತದೆ. ಸಾರಿಗೆ ಉಪ್ಪು ಹಾಕದೇ ಬಡಿಸಿದೆ, ಬೈಯಲಿ ಎಂದು. ಸುಮ್ಮನೆ ಉಂಡರು.

ಶನಿವಾರ ಕುಮಟೆಯ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ತ್ರ್ಯಂಬಕರಾಯರು, ಬಯಲುಸೀಮೆಯವರು, ಇಲ್ಲಿಗೆ ಬಂದು ಮೂರು ತಿಂಗಳಾಯಿತಂತೆ. ಪುಸ್ತಕಕ್ಕೆ ಹೆಸರು ಕೇಳಿದರು. ನಾನು ಮಗನನ್ನು ಮುಂದೆ ನೂಕಿದೆ. ರಮಾನಂದ ಹೇಳಿ, ಬೀಡಿ ಸೇದಲು ಹೊರಗೆ ಹೋದ. ಡಾಕ್ಟರು ಇವರ ಕೈಯನ್ನು ಬಗ್ಗಿಸಿ ನೋಡಿ, ಇದು ನರದ ರೋಗ, ಪೂರ್ತಿ ಹೋಗುವುದಿಲ್ಲ, ಹತೋಟಿಗೆ ಬರುತ್ತದೆ ಎಂದರು. ಕಂದು ಸೀಸೆ ಕೊಟ್ಟರು.

"ಹತ್ತು ಹನಿ ನೀರಾಗ ಹಾಕಿ ಕುಡಸ್ರಿ. ಹೊತ್ತು ಮಾತ್ರ ತಪ್ಪಬಾರದು. ಮನ್ಯಾಗ ಗಡಿಯಾರ ಅದೇನು?"

"ಜಂತ್ರಡಿ ಮನೆಗೆ ಗಡಿಯಾರ ಎಂತಕ್ಕೆ? ನಮ್ಗೆ ನೀರೇ ಗಡಿಯಾರ" ಎಂದೆ.

ನಕ್ಕರು. "ಹಂಗಾದ್ರ ನೀರು ನೋಡಿನ ಕೊಡ್ರಿ" ಎಂದರು. ಒಳ್ಳೆಯ ಮನುಷ್ಯ. ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ಎಂತದೋ ಗೀಚಿದ್ದಾರೆ.

ನೀರು ಏರಿ ನಿಂತಾಗ ಹತ್ತು, ಇಳಿದು ನಿಂತಾಗ ಹತ್ತು. ಹೊತ್ತು ತಪ್ಪಿಸಿಲ್ಲ.

ಆಷಾಢ ಶುದ್ಧ ದ್ವಾದಶಿ, ಗುರುವಾರ

ಕೈ ನಿಂತಿದೆ.

ನಾನು ನಂಬದೇ ಎರಡು ಸಲ ನೋಡಿದೆ. ಬೆಳಿಗ್ಗೆ ಗಂಜಿಯ ಬಟ್ಟಲನ್ನು ತಾವೇ ಎತ್ತಿದರು, ಒಂದು ಹನಿ ಚೆಲ್ಲಲಿಲ್ಲ. ಹೊಸ್ತಿಲಲ್ಲಿ ನಿಲ್ಲದೇ ದಾಟಿದರು. "ಬಂಗಡೆ ಬಂದಿದ್ದಾ?" ಎಂದು ಕೇಳಿದರು. ಎಷ್ಟು ತಿಂಗಳ ಮೇಲೆ ಇವರು ಒಂದು ವಸ್ತು ಬೇಕೆಂದು ಕೇಳಿದ್ದು. ಮಳೆಗಾಲದಲ್ಲಿ ಬಂಗಡೆ ನಿಮ್ಮ ಅಜ್ಜ ತರ್ತಾನಾ ಎಂದು ಬೈದೆ. ಒಣಮೀನು ಸುಟ್ಟು ಕೊಟ್ಟೆ.

ಬಾಯಿ ಒಣಗುತ್ತದೆ ಎನ್ನುತ್ತಾರೆ. ನೀರು ಕುಡಿಯಿರಿ ಎಂದೆ. ನೀರಿನ ನಡುವೆಯೇ ಮನೆ ಕಟ್ಟಿಕೊಂಡವರಿಗೆ ಬಾಯಿ ಒಣಗಿತಂತೆ.

ಆಷಾಢ ಹುಣ್ಣಿಮೆ, ಆದಿತ್ಯವಾರ

ಹುಣ್ಣಿಮೆಯ ನೀರು ಜೋರು. ಹಲಗೆಗೆ ಶಕ್ತಿ ಬೇಕು, ಕೈ ಗಟ್ಟಿ ನಿಲ್ಲಬೇಕು. ಅದಕ್ಕೆ ಇಂದು ಹತ್ತರ ಬದಲು ಹದಿನೈದು ಹನಿ ಹಾಕಿದೆ. ಇದನ್ನು ಡಾಕ್ಟರು ಹೇಳಲಿಲ್ಲ. ಸಮುದ್ರ ಕಾಣದ ಊರಿನವರಿಗೆ ಹುಣ್ಣಿಮೆಯ ನೀರು ಎಂತದು ಗೊತ್ತು?

ಮಧ್ಯಾಹ್ನ ಹಲಗೆ ಇಳಿಸಿ ಬಂದವರು ಜಗಲಿಯಲ್ಲಿ ಕುಳಿತು ಕಟ್ಟೆಯನ್ನೇ ನೋಡುತ್ತಿದ್ದರು.

"ಅವ್ರನ್ನ ಒಳಗೆ ಕರಿಯೇ. ಮಳೆಯಲ್ಲಿ ಕೂತಿದ್ದಾವೆ."

"ಯಾರನ್ನ?"

"ಮಕ್ಕಳನ್ನ. ಆರೇಳು ಇದ್ದಾವೆ."

ನಾನು ಕಣ್ಣಿಗೆ ಕೈ ಹಿಡಿದು ನೋಡಿದೆ. ಕಟ್ಟೆಯ ಮೇಲೆ ನಾಲ್ಕು ಬೆಳ್ಳಕ್ಕಿ. ಕಣ್ಣಿಗೆ ಎಂತ ಮಂಕು ಬಡಿದಿದೆ ನಿಮಗೆ, ಅವು ಹಕ್ಕಿ ಎಂದೆ. ಹಕ್ಕಿ ಹಾರಿಹೋದವು. ಇವರು ಇನ್ನೂ ಅಲ್ಲೇ ನೋಡುತ್ತ, "ತಲೆ ಒದ್ದೆ ಆಗಿದೆ" ಎಂದರು.

ಸೋಮಿ ಬಂದು ಕಿವಿಯಲ್ಲಿ ಹೇಳಿದಳು, "ಅಜ್ಜಿ, ಅಜ್ಜನ ಕಣ್ಣಿನ ಕಪ್ಪು ದೊಡ್ಡದಾಗಿದೆ, ಕತ್ತಲೆಯಲ್ಲಿ ಬೆಕ್ಕಿಂದು ಆಗ್ತದಲ್ಲ, ಹಾಂಗೆ." ಅವಳಿಗೆ ನೋಡಲು ಬೇರೆ ಕೆಲಸ ಇಲ್ಲ.

ಆಷಾಢ ಬಹುಳ ತದಿಗೆ, ಬುಧವಾರ

ಹನಿ ಹತ್ತಕ್ಕೇ ಇಳಿಸಿದ್ದೇನೆ, ನೀರಿನ ಜೋರು ಕಮ್ಮಿ. ಇಂದು ಮೂರೇ ಮಕ್ಕಳು ಬಂದಿದ್ದಾವಂತೆ. ಊಟಕ್ಕೆ ಕುಳಿತವರು ತಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಮೊದಲು ಅವಕ್ಕೆ ಬಡಿಸು ಎಂದರು. ರೇಷನ್ ಅಕ್ಕಿಯಲ್ಲಿ ಇದ್ದವರಿಗೇ ಸಾಲುವುದಿಲ್ಲ, ಇಲ್ಲದವರಿಗೆ ಎಲ್ಲಿಂದ ತರಲಿ ಎಂದು ಕೂಗಾಡಿದೆ. ಮಾದೇವಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅತ್ತಳೋ ನಕ್ಕಳೋ ನನಗೆ ಬೇಡ.

ಆಷಾಢ ಬಹುಳ ದಶಮಿ

ತ್ರ್ಯಂಬಕರಾಯರಿಗೆ ಭಟ್ಕಳಕ್ಕೆ ವರ್ಗ ಆಯಿತಂತೆ. ರಮಾನಂದ ಹೇಳಿದ. ಕುಮಟೆಯಲ್ಲಿ ಈಗ ಕಂಪೌಂಡರ್ ಒಬ್ಬನೇ. ಒಬ್ಬ ಒಳ್ಳೆಯ ಮನುಷ್ಯ ಸಿಕ್ಕಿದರೆ ಸರಕಾರಕ್ಕೆ ತಡೆಯುವುದಿಲ್ಲ.

ಆಷಾಢ ಅಮಾವಾಸ್ಯೆ, ಆದಿತ್ಯವಾರ

ಉಗುರಿನ ಕೆಸರು ಇನ್ನೂ ಹೋಗಿಲ್ಲ. ಕೆಸರಿನ ಕೈಯಲ್ಲೇ ಬರೆಯುತ್ತಿದ್ದೇನೆ.

ಅಮಾವಾಸ್ಯೆಯ ನೀರು ಎಂದು ಬೆಳಿಗ್ಗೆಯೇ ಹದಿನೈದು ಕೊಟ್ಟೆ, ಮಧ್ಯಾಹ್ನ ಮತ್ತೆ ಹದಿನೈದು. ನೀರು ಪೂರ್ತಿ ಏರಿ ಹಲಗೆಯ ತುದಿ ಮುಟ್ಟುತ್ತಿತ್ತು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಕಟ್ಟೆಯ ಕಡೆಯಿಂದ ನೀರು ಧುಮುಕುವ ಸದ್ದು ಬಂತು. ಆ ಸದ್ದು ಆ ಹೊತ್ತಿನಲ್ಲಿ ಬರಬಾರದು. ಓಡಿದೆ.

ಇವರು ಎರಡು ಹಲಗೆ ಎತ್ತಿ ಎಸೆದಿದ್ದರು. ಮೂರನೆಯದಕ್ಕೆ ಕೊಕ್ಕೆ ಹಾಕಿ ಎಳೆಯುತ್ತಿದ್ದರು. ಎರಡು ವರ್ಷದಲ್ಲಿ ಆ ಕೈಗೆ ಅಷ್ಟು ಶಕ್ತಿ ಕಂಡಿಲ್ಲ. ಹೊಳೆಯ ಉಪ್ಪುನೀರು ಬಾಳೆಮರದಷ್ಟು ದಪ್ಪಕ್ಕೆ ಗದ್ದೆಗೆ ಬೀಳುತ್ತಿತ್ತು.

"ಎಂತ ಮಾಡ್ತ್ರಿ? ಬಿಡಿ, ಬಿಡಿ ಅದ್ನ."

"ಕೈ ಸಿಕ್ಕಿದೆಯೇ. ಹಲಗೆ ಸಂದಿಗೆ ಮಗೂದು ಕೈ ಸಿಕ್ಕಿದೆ. ಹಿಡಿ ನೀನು."

ನಾನು ಇವರ ಸೊಂಟ ಹಿಡಿದು ಎಳೆದೆ, ಇಬ್ಬರೂ ಕೆಸರಿಗೆ ಬಿದ್ದೆವು. ನಾರಾಯಣ ನಾಯ್ಕ ಮತ್ತು ಅವನ ಆಳು ಶುಕ್ರ ಓಡಿ ಬಂದು, ನೀರಿಗೆ ಎದೆ ಕೊಟ್ಟು ಹಲಗೆ ಕೂರಿಸಿದರು. ನಾರಾಯಣ ನಾಯ್ಕ ವಯಸ್ಸಿನಲ್ಲಿ ಚಿಕ್ಕವನಾದರೂ ಗಜನಿಯವರ ಮುಖ್ಯಸ್ಥ. ನಾವು ಬಿತ್ತುವುದು ಕಗ್ಗ ಭತ್ತ, ಉಪ್ಪಿಗೆ ಹೆದರುವುದಲ್ಲ, ಆದರೂ ಎಳೆ ಸಸಿಗೆ ಇಷ್ಟು ಉಪ್ಪು ಕುಡಿದು ಬದುಕಲು ಆಗುವುದಿಲ್ಲ. ತಗ್ಗಿನ ನಾಲ್ಕು ಮನೆಯವರ ಗದ್ದೆ ಹೋಯಿತು.

ಸಂಜೆಗೆ ನಾರಾಯಣ ಜಗಲಿಯ ಕೆಳಗೇ ನಿಂತ.

"ಹೊನ್ನಕ್ಕ, ನಾ ಜಗಳಕ್ಕೆ ಬಂದದ್ದಲ್ಲ. ಕೊಕ್ಕೆ ಕೊಡು."

"ಮೂವತ್ತು ವರ್ಷ ಅದ್ನ ಹಿಡ್ದದ್ದು ಯಾರು, ನೆನಪದೆಯಾ ನಿಂಗೆ? ನೀ ಚಡ್ಡಿ ಹಾಕದೇ ಕಟ್ಟೆ ಮೇಲೆ ಓಡುವಾಗ್ಲೂ ಇವರೇ."

"ನೆನಪದೆ. ಅದಕ್ಕೇ ಊರವ್ರಿಗೆ ಹೇಳಿ ನಾ ಒಬ್ನೇ ಬಂದೆ."

ಕೊಟ್ಟೆ. ಕೊಡುವಾಗ ಕೊಕ್ಕೆಯ ಹಿಡಿಯಲ್ಲಿ ಇವರ ಬೆರಳು ಕೂತ ಗುಳಿ ಕೈಗೆ ಸಿಕ್ಕಿತು. ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಹೀಗೆ ಆದರೆ ಇದು ಔಷಧದ ರೋಗ ಅಲ್ಲ, ಗಾಳಿ ಸೋಕಿದ್ದು, ಜಟಕ ದೇವರಿಗೆ ಕಾಯಿ ಒಡೆಸು ಎಂದ ಹೋಗುವಾಗ.

ರಮಾನಂದ ಬೇರೆ ಹೇಳಿದ. "ಅವ್ವಿ, ಧಾರವಾಡದ ಹುಚ್ಚರ ಆಸ್ಪತ್ರೆಗೆ ಹಾಕುದೇ ಸೈ. ಕಚೇರಿಯಲ್ಲಿ ಅರ್ಜಿ ನಮೂನೆ ಅದೆ."

ಇವರು ಅಲ್ಲೇ ಕುಳಿತಿದ್ದರು, ಪೂರ್ತಿ ಕೇಳಿಸಿಕೊಂಡರು. ನನ್ನ ಕಡೆ ತಿರುಗಿ, "ಮಗು ಬಂತಾ ಹೊರಗೆ?" ಎಂದರು.

ಶ್ರಾವಣ ಶುದ್ಧ ಚೌತಿ, ಗುರುವಾರ

ಜಟಕನಿಗೆ ಕಾಯಿ ಒಡೆಸಿದೆ. ಬಂದ ಕೂಡಲೇ ಇವರು ಮಕ್ಕಳ ಲೆಕ್ಕ ಹೇಳಿದರು, ನಾಲ್ಕು. ಕಾಯಿ ದಂಡ.

ಒಂದು ಕೆಲಸ ಮಾಡಿದ್ದೇನೆ, ಯಾರಿಗೂ ಹೇಳುವುದಿಲ್ಲ. ತಲೆ ಒದ್ದೆ, ತಲೆ ಒದ್ದೆ ಎಂದು ಬೆಳಗಿನಿಂದ ನನ್ನ ಪ್ರಾಣ ತಿಂದದ್ದಕ್ಕೆ, ಒಂದು ಹಳೇ ಪಂಚೆ ತೆಗೆದುಕೊಂಡು ಹೋಗಿ ಕಟ್ಟೆಯ ಗೂಟಕ್ಕೆ ತೂಗುಹಾಕಿ ಬಂದೆ. "ಒರಸ್ಕೊಳ್ಳಿ" ಎಂದು ಗಾಳಿಗೆ ಹೇಳಿಯೂ ಹೇಳಿದೆ. ಇವರು ಜಗಲಿಯಿಂದ ನೋಡಿ, ಉಸಿರು ಬಿಟ್ಟು, ಗೋಡೆಗೆ ಒರಗಿ ನಿದ್ದೆ ಮಾಡಿದರು. ನಾನು ನಂಬಿದ್ದೇನೆ ಎಂದಲ್ಲ. ಬಾಯಿ ಮುಚ್ಚಲಿ ಎಂದು.

ಸೀಸೆ ಖಾಲಿ. ಸೋಮಿಯನ್ನು ಕರೆದುಕೊಂಡು ಕುಮಟೆಗೆ ಹೋದೆ. ಕಂಪೌಂಡರ್ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಇದು ಒಂದು ತಿಂಗಳದ್ದು ಅಜ್ಜಿ. ಇಷ್ಟರಲ್ಲೇ ಹೆಂಗೆ ಮುಗೀತು? ನೀವೂ ಕುಡಿದ್ರಾ?"

"ನಾ ಕುಡಿದ್ರೆ ನಿನ್ನ ನಾಲಿಗೆ ಹಿಡೀತಿದ್ದೆ. ಕೊಡು."

ತಾರೀಕು ಬರದೇ ಕೊಡಲಾಗದು, ಎಂಟು ದಿನ ಬಿಟ್ಟು ಬನ್ನಿ ಎಂದ. ಹೋಗಿ ಬರುವಾಗ ಮಳೆಗೆ ನೆನೆದದ್ದು ಲಾಭ.

ಶ್ರಾವಣ ಶುದ್ಧ ಅಷ್ಟಮಿ

ನಾಲ್ಕು ದಿನದಿಂದ ಹನಿ ಇಲ್ಲ. ಕೈ ಮೊದಲಿಗಿಂತ ಹೆಚ್ಚು ನಡುಗುತ್ತದೆ. ಹೊಸ್ತಿಲಿನಲ್ಲಿ ನಿಂತರೆ ನಾನು ಮೊಣಕಾಲಿನಿಂದ ನೂಕಬೇಕು.

ಮಕ್ಕಳು ಬರಲಿಲ್ಲ. ನಿನ್ನೆಯೂ ಇಲ್ಲ, ಇಂದೂ ಇಲ್ಲ. ನಾನೇ ಕೇಳಿದೆ, ಎಲ್ಲಿ ನಿಮ್ಮ ಪಟಾಲಂ ಎಂದು. ಇವರು ಕಟ್ಟೆ ನೋಡಿದರು. ಪಂಚೆ ಒಂದೇ ಹಾರಾಡುತ್ತಿತ್ತು. ತಗ್ಗಿನ ಗದ್ದೆಯ ಸಸಿ ಕೆಂಪಾಗಿದ್ದು ಕಂಡಿತೋ ಏನೋ. ಅತ್ತ ಕೈ ತೋರಿಸಿ, "ಜಂತ್ರಡಿ ತೆಗ್ದದ್ದು ನಾನಾ?" ಎಂದರು.

ಅಲ್ಲ ಎನ್ನಬೇಕಿತ್ತು. ನನ್ನ ನಾಲಿಗೆಗೆ ಎಲ್ಲ ಬರುತ್ತದೆ, ಅದೊಂದು ಬರಲಿಲ್ಲ.

ಆಗಿನಿಂದ ಮಾತು ಇಲ್ಲ. ಅನ್ನ ಕಲಸಿಟ್ಟರೆ ನೋಡುತ್ತ ಕೂರುತ್ತಾರೆ. ಕಣ್ಣಲ್ಲಿ ನೀರು ಇಳಿಯುತ್ತದೆ, ಮುಖ ಮಾತ್ರ ಅಲ್ಲಾಡುವುದಿಲ್ಲ, ಯಾರದೋ ಕಣ್ಣೀರು ಇವರ ಕೆನ್ನೆಯ ಮೇಲೆ ದಾರಿ ಮಾಡಿಕೊಂಡ ಹಾಗೆ. ಆಗ ಮಾತಾಡಿ ಮಾತಾಡಿ ನನ್ನನ್ನು ಕೊಂದರು, ಈಗ ಸುಮ್ಮನಿದ್ದು ಕೊಲ್ಲುತ್ತಾರೆ. ಬಟ್ಟಲನ್ನು ನೆಲಕ್ಕೆ ಕುಕ್ಕಿ ಬಂದೆ. ಮತ್ತೆ ಹೋಗಿ ತಿನ್ನಿಸಿದೆ. ಅರ್ಧ ತಿಂದರು.

ಶ್ರಾವಣ ಶುದ್ಧ ದ್ವಾದಶಿ, ಶುಕ್ರವಾರ

ಹೊಸ ಸೀಸೆ ಬಂತು. ಏರುನೀರಿಗೆ ಹತ್ತು, ಇಳಿನೀರಿಗೆ ಹತ್ತು.

ನೂಲಹುಣ್ಣಿಮೆ, ಸೋಮವಾರ

ಐದು ಮಕ್ಕಳು. ಒಂದು ನನ್ನ ಸೀರೆಯ ಸೆರಗು ಹಿಡಿದು ನಿಂತಿದೆಯಂತೆ. ಕೆಲಸ ಇದೆ, ಬಿಡು ಮಗಾ ಎಂದೆ. ಮಾದೇವಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನನ್ನ ಮುಖ ನೋಡಿ ಹೆದರಿದಳು.

ಹದಿನೈದು ಹಾಕಲಿಲ್ಲ ಈ ಸಲ. ಹತ್ತೇ ಹಾಕಿದ್ದೆ. ಜಂತ್ರಡಿಗೆ ಹೋಗುವುದೇ ಇಲ್ಲ, ಶಕ್ತಿ ಯಾಕೆ? ಹದಿನೈದಿಲ್ಲದಿದ್ದರೂ ಬಂದವು. ಸೀಸೆ ಇಲ್ಲದಾಗ ಬರಲಿಲ್ಲ, ಸೀಸೆ ಬಂದ ಮೂರನೇ ದಿನಕ್ಕೆ ಬಂದವು. ವಹಿ ತೆಗೆದು ಹಿಂದಿನದೆಲ್ಲ ಓದಿದೆ. ಮತ್ತೊಮ್ಮೆ ಓದಿದೆ.

ರಮಾನಂದ ಕಚೇರಿಯಿಂದ ಬಂದ ಕೂಡಲೇ ಸೀಸೆ ಕೈಗೆ ಕೊಟ್ಟು, ಇದರ ಮೇಲೆ ಎಂತ ಬರೆದಿದೆ ಓದು ಎಂದೆ. ಅವನಿಗೆ ಸಾಹೇಬರ ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ.

"ದಿನಕ್ಕೆ ಮೂರು ಸಲ, ಹತ್ತು ಹನಿ. ಎಂತಕ್ಕೆ?"

"ನೀರು ದಿನಕ್ಕೆ ಎಷ್ಟು ಸಲ ತಿರುಗ್ತದೆ?"

"ಎರಡು ಸಲ ಏರ್ತದೆ, ಎರಡು ಸಲ ಇಳೀತದೆ. ನಂಗೆ ಕಲಿಸ್ತಿಯಾ ಅದ್ನ?" ಎಂದವನು ಸೀಸೆ ನೋಡಿದ. ನನ್ನನ್ನು ನೋಡಿದ. "ಅವ್ವಿ" ಎಂದ, ಮುಂದೆ ಹೇಳಲಿಲ್ಲ. ಹೇಳದಿದ್ದುದಕ್ಕೆ ಅವನಿಗೆ ಎರಡು ರೊಟ್ಟಿ ಹೆಚ್ಚು ಹಾಕಿದೆ.

ಆದರೂ ತುಂಬಿಟ್ಟ ಅರ್ಜಿ ಹರಿಯುವುದಿಲ್ಲ ಎಂದ. ಹನಿ ಇದ್ದರೂ ಕಷ್ಟ, ಇಲ್ಲದಿದ್ದರೂ ಕಷ್ಟ, ಗದ್ದೆ ಹೋದವರು ದಿನಾ ಕೇಳುತ್ತಾರೆ, ಭಾದ್ರಪದ ಬಿದ್ದ ಮರುದಿನ ರಜೆ ಹಾಕಿದ್ದೇನೆ, ಧಾರವಾಡಕ್ಕೆ ಹೋಗುವುದೇ. ಡಾಕ್ಟರೇ ಬೇಡ ಎಂದು ಬರೆದುಕೊಟ್ಟರೆ ಬಿಡುತ್ತೇನೆ ಎಂದ.

ಶ್ರಾವಣ ಬಹುಳ ಪಂಚಮಿ, ಶನಿವಾರ

ಡಾಕ್ಟರು ತ್ರ್ಯಂಬಕರಾಯರಿಗೆ,

ಇನ್ನು ಈ ವಹಿ ನಿಮ್ಮದು. ಪ್ರತ್ಯೇಕ ಕಾಗದ ಬರೆಯಲು ನನಗೆ ಬರುವುದಿಲ್ಲ, ಇದನ್ನೇ ಕಳಿಸುತ್ತಿದ್ದೇನೆ. ನಾರಾಯಣ ನಾಯ್ಕನ ಆಳು ಶುಕ್ರ ಭಟ್ಕಳಕ್ಕೆ ಹೋಗುವವನಿದ್ದಾನೆ. ಹೊನ್ನಾವರದ ತಾರಿಯ ದೋಣಿಯಲ್ಲಿ ನೀರಿಗೆ ಬೀಳಿಸಿದರೆ ಹೊಳೆಗೇ ಹಾರು ಎಂದು ಹೇಳಿದ್ದೇನೆ. ಮೊದಲ ಹಾಳೆಯ ಬೈಗುಳ ನಿಮಗಲ್ಲ. ಆಷಾಢ ಹುಣ್ಣಿಮೆಯ ದಿನದ್ದು ನಿಮಗೇ, ಅದನ್ನು ಅಳಿಸುವುದಿಲ್ಲ.

ದಿನಕ್ಕೆ ಮೂರರ ಬದಲು ನಾಲ್ಕು ಸಲ ಹಾಕಿದ್ದು ನಾನು. ಮೂರು ಎಂದು ನೀವು ಬಾಯಲ್ಲಿ ಹೇಳಲಿಲ್ಲ, ನೀರು ನೋಡಿ ಕೊಡಿ ಎಂದಿರಿ. ಕಟ್ಟೆಯ ಮೇಲೆ ಒಂದು ದಿನ ನಿಂತವರು ಹಾಗೆ ಹೇಳುವುದಿಲ್ಲ. ಅದು ಇರಲಿ. ಹನಿ ಬಿಟ್ಟದ್ದು ನನ್ನ ಕೈ.

ನೂಲಹುಣ್ಣಿಮೆಯ ಮರುದಿನದಿಂದ ನೀರು ನೋಡುವುದು ಬಿಟ್ಟು ಸೂರ್ಯನನ್ನು ನೋಡಿ ಮೂರು ಸಲ ಕೊಡುತ್ತಿದ್ದೇನೆ. ಈ ಮಳೆಯಲ್ಲಿ ಸೂರ್ಯ ಎಲ್ಲಿ ಎಂದು ಕೇಳಬೇಡಿ, ಕೋಳಿ, ಶಾಲೆಯ ಗಂಟೆ, ದನ ಮನೆಗೆ ಬರುವ ಹೊತ್ತು. ಕೈ ಅರ್ಧ ನಡುಗುತ್ತದೆ. ಬಟ್ಟಲು ಎತ್ತುತ್ತಾರೆ, ಸ್ವಲ್ಪ ಚೆಲ್ಲುತ್ತದೆ. ಮಕ್ಕಳು ಎರಡೇ, ಅವೂ ಕಟ್ಟೆಯ ಆ ತುದಿಗೆ, ಕರೆದರೆ ಬರುವುದಿಲ್ಲವಂತೆ. ಇನ್ನೂ ಕಮ್ಮಿ ಮಾಡಿದರೆ ಅವು ಹೋಗುತ್ತವೋ, ಕೈ ಹೋಗುತ್ತದೋ, ನೀವು ಹೇಳಬೇಕು. ನಾನಾಗಿ ಇನ್ನು ಒಂದು ಹನಿಯನ್ನೂ ಹೆಚ್ಚು ಕಮ್ಮಿ ಮಾಡುವುದಿಲ್ಲ.

ಇನ್ನೊಂದು ಇದೆ. ಮಕ್ಕಳು ಸೀಸೆಯಿಂದ ಬಂದವು, ಆಯಿತು. ಆದರೆ ಸೀಸೆ ಬರುವ ಮೊದಲೇ ಆ ಕಲ್ಲಿನ ಮುಖ ಇತ್ತು, ಸೀಸೆ ಮುಗಿದಾಗ ಅದು ಹೆಚ್ಚಾಗಿ ಬಂತು. ಊಟ ಬೇಡ, ಮಾತು ಬೇಡ, ಬೆಳಕೂ ಬೇಡ. ಅದು ನನ್ನ ಮೇಲಿನ ಸಿಟ್ಟು ಎಂದು ಎರಡು ವರ್ಷ ತಿಳಿದೆ, ಎರಡು ವರ್ಷ ಬೈದೆ. ಕೈ ನಡುಗಿಸುವ ನರವೇ ಮನಸ್ಸನ್ನೂ ಹಿಡಿದು ಕೂರಿಸುತ್ತದೆಯೋ? ಹಾಗಾದರೆ ಹಾಗೆಂದು ಬರೆಯಿರಿ. ನಾನು ಬೈದದ್ದೆಲ್ಲ ರೋಗಕ್ಕೆ ಬೈದದ್ದು ಎಂದು ತಿಳಿದುಕೊಳ್ಳುತ್ತೇನೆ. ಅಲ್ಲ, ಅದು ಇವರೇ ಎಂದಾದರೆ ಅದನ್ನೂ ಬರೆಯಿರಿ. ಇವರಿಗೆ ಹೇಳಲು ಬೇರೆ ಮಾತು ಕಲಿಯುತ್ತೇನೆ.

ಹುಚ್ಚು ಎಂದು ಮಾತ್ರ ಬರೆಯಬೇಡಿ. ಹುಚ್ಚು ಹಿಡಿದವರು ಯಾರದೋ ಮಗುವಿನ ಕೈ ಬಿಡಿಸಲು ಹಲಗೆ ಎತ್ತುವುದಿಲ್ಲ. ಅದಕ್ಕೆ ಒಬ್ಬ ಮನುಷ್ಯ ಒಳಗೆ ಇರಬೇಕು. ಧಾರವಾಡದ ಕೋಣೆಯಲ್ಲಿ ಆ ಮನುಷ್ಯನಿಗೆ ಪಂಚೆ ತೂಗುಹಾಕುವವರು ಯಾರು?

ಇದನ್ನು ಬರೆಯುವಾಗ ಇವರು ನನ್ನ ಎದುರಿಗೆ ಕುಳಿತಿದ್ದಾರೆ. ಯಾರಿಗೆ ಬರೀತೀ ಎಂದು ಕೇಳಿದರು. ಕೇಳಿದರು, ನೋಡಿ.

ಹೆಸರು ಬೇಕಲ್ಲ ನಿಮಗೆ. ಇವರು ಇವರು ಎಂದು ಬರೆದರೆ ನಿಮ್ಮ ಪುಸ್ತಕದಲ್ಲಿ ಸಿಗುವುದಿಲ್ಲ. ರಮಾನಂದನನ್ನು ಕರೆಯೋಣ ಎಂದರೆ ಅವನು ಕಚೇರಿಯಲ್ಲಿ ಇದ್ದಾನೆ, ಸೋಮಿ ಶಾಲೆಯಲ್ಲಿ, ಶುಕ್ರ ಅಂಗಳದಲ್ಲಿ ಕಾಲು ಬದಲಿಸುತ್ತ ನಿಂತಿದ್ದಾನೆ. ನಾನೇ ಬರೆಯುತ್ತೇನೆ.

ಕುಪ್ಪ. ಕುಪ್ಪ ಬೀರ ಪಟಗಾರ, ವರ್ಷ ಅರವತ್ತಮೂರು, ಕಾಗಾಲದ ಜಂತ್ರಡಿ ಮನೆ.

ಭಾದ್ರಪದ ಹುಟ್ಟುವ ಮೊದಲು ಉತ್ತರ ಹಾಕಿ. ಕನ್ನಡದಲ್ಲಿ ಹಾಕಿ.